ಕಾರಣ ಹೇಳದ ಹನ್ನೆರಡು ಮಂದಿ

ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಒಂದು ಕೊಲೆ ಕೇಸಿನ ತೀರ್ಪು ಬಂದರೆ ಅದರ ಬೆನ್ನಿಗೇ ಕಾರಣಗಳೂ ಪುಟಗಟ್ಟಲೆ ಬರುತ್ತವೆ. ಯಾವ ಸಾಕ್ಷಿಯನ್ನು ನಂಬಿದ್ದೇನೆ, ಯಾವುದನ್ನು ಯಾಕೆ ಕೈಬಿಟ್ಟಿದ್ದೇನೆ, ಪಂಚನಾಮೆಯಲ್ಲಿ ಎಲ್ಲಿ ಲೋಪವಿದೆ, ಪಾಟೀಸವಾಲಿನಲ್ಲಿ ಯಾರು ಎಲ್ಲಿ ಎಡವಿದರು ಎಂಬುದನ್ನೆಲ್ಲ ನ್ಯಾಯಾಧೀಶರು ಬರೆದಿಡಬೇಕು. ಬರೆಯದೆ ಬರೀ ಶಿಕ್ಷೆ ಹೇಳಿದರೆ ಆ ತೀರ್ಪು ಹೈಕೋರ್ಟಿನಲ್ಲಿ ನಿಲ್ಲದು. ಒಬ್ಬ ಮನುಷ್ಯನ ಜೀವವನ್ನೋ ಸ್ವಾತಂತ್ರ್ಯವನ್ನೋ ಕಿತ್ತುಕೊಳ್ಳುವವರು ಕನಿಷ್ಠ ಕಾರಣವನ್ನಾದರೂ ಹೇಳಬೇಕು ಎಂಬುದು ನಮಗೆ ಎಷ್ಟು ಸಹಜವಾಗಿ ಕಾಣುತ್ತದೆಂದರೆ, ಹಾಗಲ್ಲದ ಒಂದು ವ್ಯವಸ್ಥೆ ಇರಬಹುದೆಂಬ ಯೋಚನೆಯೇ ಬರುವುದಿಲ್ಲ.

ಅಮೆರಿಕದಲ್ಲಿ ಗಂಭೀರ ಅಪರಾಧದ ವಿಚಾರಣೆ ಮುಗಿದಾಗ ಜ್ಯೂರಿ ಎನಿಸಿಕೊಂಡ ಹನ್ನೆರಡು ಮಂದಿ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. (ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ಅನೇಕ ಕೇಸುಗಳಿಗೆ ಆರು ಮಂದಿಯೇ ಸಾಕು, ಅದು ಸರಿಯೆಂದು ಸುಪ್ರೀಂ ಕೋರ್ಟ್ 1970ರಲ್ಲಿ ಹೇಳಿದೆ.) ಆ ಕೋಣೆಯಲ್ಲಿ ಗುಮಾಸ್ತನಿಲ್ಲ, ಮಾತು ಬರೆದುಕೊಳ್ಳುವವರಿಲ್ಲ, ಜಡ್ಜ್ ಕೂಡ ಒಳಗೆ ಕಾಲಿಡುವಂತಿಲ್ಲ. ಏನಾದರೂ ಕೇಳಬೇಕಿದ್ದರೆ ಚೀಟಿ ಬರೆದು ಹೊರಗೆ ಕಳಿಸಬಹುದು, ಅಷ್ಟೆ. ಒಂದು ಗಂಟೆಯೋ, ಒಂದು ವಾರವೋ ಕಳೆದ ಮೇಲೆ ಹೊರಗೆ ಬಂದು ಆರೋಪಿ ತಪ್ಪಿತಸ್ಥ ಎನ್ನುತ್ತಾರೆ, ಇಲ್ಲವೇ ತಪ್ಪಿತಸ್ಥನಲ್ಲ ಎನ್ನುತ್ತಾರೆ. ಯಾಕೆ ಎಂದು ಅವರನ್ನು ಯಾರೂ ಕೇಳುವಂತಿಲ್ಲ. ತಪ್ಪಿತಸ್ಥನಲ್ಲ ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಸರ್ಕಾರಕ್ಕೆ ಮೇಲ್ಮನವಿಯಿಲ್ಲ, ಅದೇ ಆರೋಪದ ಮೇಲೆ ಎರಡನೇ ಸಲ ಕಟಕಟೆಗೆ ಏರಿಸುವಂತಿಲ್ಲ.

ಈ ಹನ್ನೆರಡು ಮಂದಿ ಯಾರು? ಅಂಚೆಯಲ್ಲಿ ಬಂದ ಒಂದು ಪತ್ರಕ್ಕೆ ಓಗೊಟ್ಟು ಬಂದವರು. ಮತದಾರರ ಪಟ್ಟಿಯಿಂದಲೋ ಡ್ರೈವಿಂಗ್ ಲೈಸೆನ್ಸಿನ ಪಟ್ಟಿಯಿಂದಲೋ ಹೆಸರು ಎತ್ತಿ ಕರೆ ಕಳಿಸುತ್ತಾರೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ ಪೌರತ್ವ ಪಡೆದ ನಮ್ಮ ಹಾಸನ, ಧಾರವಾಡದ ಕಡೆಯವರ ಮನೆಗೂ ಈ ಪತ್ರ ಹೋಗುತ್ತದೆ. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಪೌರರೇ ಆಗಿರಬೇಕು. ಫೆಡರಲ್ ಕೋರ್ಟಿನಲ್ಲಿ ದಿನಕ್ಕೆ 50 ಡಾಲರ್ ಭತ್ಯೆ. ರಾಜ್ಯಗಳಲ್ಲಿ ಅದಕ್ಕಿಂತ ಕಡಿಮೆ ಇರುವುದುಂಟು. ಹೋಗಿ ಕೂತರೆ ಪ್ರಶ್ನೆಗಳು ಶುರುವಾಗುತ್ತವೆ. ನಿಮ್ಮ ಮನೆಯಲ್ಲಿ ಪೊಲೀಸರು ಯಾರಾದರೂ ಇದ್ದಾರೆಯೇ? ನಿಮ್ಮ ಮನೆಗೆ ಎಂದಾದರೂ ಕಳ್ಳರು ನುಗ್ಗಿದ್ದಾರೆಯೇ? ಪೊಲೀಸ್ ಹೇಳಿದ ಮಾತನ್ನು ಬೇರೆಯವರ ಮಾತಿಗಿಂತ ಹೆಚ್ಚು ನಂಬುತ್ತೀರಾ? ಪಕ್ಷಪಾತ ಎದ್ದು ಕಂಡವರನ್ನು ಜಡ್ಜ್ ಮನೆಗೆ ಕಳಿಸುತ್ತಾರೆ. ಅದಾದ ಮೇಲೆ ಎರಡೂ ಕಡೆಯ ವಕೀಲರು ಇನ್ನಷ್ಟು ಮಂದಿಯನ್ನು ಕಾರಣ ಹೇಳದೆಯೇ ಬೇಡವೆನ್ನಬಹುದು. ಫೆಡರಲ್ ಕೋರ್ಟಿನ ಸಾಮಾನ್ಯ ಗಂಭೀರ ಕೇಸಿನಲ್ಲಿ ಸರ್ಕಾರದ ಕಡೆಗೆ 6, ಆರೋಪಿಯ ಕಡೆಗೆ 10. ಉಳಿದವರು ಪ್ರಮಾಣ ಮಾಡಿ ಕೂರುತ್ತಾರೆ. ಅಲ್ಲಿಂದ ಮುಂದೆ ಆ ಕೇಸಿನ ಸುದ್ದಿ ಓದಬಾರದು, ಇಂಟರ್ನೆಟ್ಟಿನಲ್ಲಿ ಹುಡುಕಬಾರದು, ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯೊಡನೆಯೂ ಆಡಬಾರದು.

ಇವರ ಗುಟ್ಟನ್ನು ಕಾನೂನು ಎಷ್ಟು ಕಟ್ಟುನಿಟ್ಟಾಗಿ ಕಾಯುತ್ತದೆ ಎಂಬುದಕ್ಕೆ 1987ರ ಟ್ಯಾನರ್ ಕೇಸನ್ನು ನೋಡಬೇಕು. ಫ್ಲಾರಿಡಾದ ಒಂದು ವಂಚನೆ ಪ್ರಕರಣ. ಶಿಕ್ಷೆಯಾದ ಮೇಲೆ ಜ್ಯೂರಿಯಲ್ಲಿದ್ದವರೇ ಬಾಯಿಬಿಟ್ಟರು: ವಿಚಾರಣೆಯ ದಿನಗಳಲ್ಲಿ ಊಟದ ಬಿಡುವಿನಲ್ಲಿ ಕೆಲವರು ಕುಡಿಯುತ್ತಿದ್ದರು, ಗಾಂಜಾ, ಕೊಕೇನ್ ಕೂಡ ನಡೆದಿತ್ತು, ಮಧ್ಯಾಹ್ನ ನಿದ್ದೆ ಹೋಗುತ್ತಿದ್ದರು. ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಆ ಸಾಕ್ಷ್ಯವನ್ನು ಕೇಳುವುದೇ ಇಲ್ಲ ಎಂದಿತು. ಓದಿದ ಯಾರಿಗೂ ಮೈ ಜುಮ್ಮೆನ್ನಬೇಕು. ತಲೆ ನೆಟ್ಟಗಿರುವ ಒಂದು ಸಮಾಜ ಇಂಥ ಬಾಗಿಲನ್ನು ಯಾಕೆ ಹೀಗೆ ಮುಚ್ಚಿಡುತ್ತದೆ? ಸತ್ಯವನ್ನು ಹುಡುಕುವುದೇ ಜ್ಯೂರಿಯ ಕೆಲಸವಾಗಿದ್ದರೆ ಇದಕ್ಕೆ ಅರ್ಥವಿಲ್ಲ. ಸತ್ಯ ಹುಡುಕಲು ನುರಿತವರು ಬೇಕು, ಬರೆದಿಟ್ಟ ಕಾರಣ ಬೇಕು, ಮತ್ತೆ ಪರೀಕ್ಷಿಸಲು ಅವಕಾಶ ಬೇಕು. ಜ್ಯೂರಿಯಲ್ಲಿ ಈ ಮೂರೂ ಇಲ್ಲ.

ಹಾಗಾದರೆ ಅದರ ಕೆಲಸ ಬೇರೇನೋ ಇರಬೇಕು. ನನಗೆ ತೋಚುವುದು ಇಷ್ಟು: ಒಬ್ಬನನ್ನು ಶಿಕ್ಷಿಸುವ ಮುನ್ನ ಪ್ರಭುತ್ವವು ಊರಿನ ಸಾಮಾನ್ಯರ ಮುಂದೆ ನಿಂತು ಅಪ್ಪಣೆ ಕೇಳಬೇಕು. ಪೊಲೀಸರು ಅದರವರು, ಪ್ರಾಸಿಕ್ಯೂಟರ್ ಅದರವರು, ಸಂಬಳ ಪಡೆಯುವ ಜಡ್ಜ್ ಕೂಡ ಒಂದು ಅರ್ಥದಲ್ಲಿ ಅದರವರೇ. ಈ ಹನ್ನೆರಡು ಮಂದಿ ಮಾತ್ರ ಅಲ್ಲ. ನಾಳೆ ಅವರು ತಮ್ಮ ಅಂಗಡಿಗೋ ಶಾಲೆಗೋ ಗದ್ದೆಗೋ ಹೋಗುವವರು. ಅವರಿಂದ ಪ್ರಭುತ್ವಕ್ಕೆ ಆಗಬೇಕಾದ್ದು ಒಂದೇ ಮಾತು, ಹೂಂ ಅಥವಾ ಊಹೂಂ. ಅಪ್ಪಣೆ ಕೊಡುವವರನ್ನು ಹಿಡಿದು ನಿಲ್ಲಿಸಿ ಸಬೂಬು ಕೇಳುವ ಅಧಿಕಾರ ಬೇಡುವವನಿಗೆ ಬಂದರೆ, ಅದು ಅಪ್ಪಣೆಯಾಗಿ ಉಳಿಯುವುದಿಲ್ಲ.

ಇದನ್ನು ಕಲಿಸಿದ್ದು 1670ರ ಲಂಡನ್. ವಿಲಿಯಂ ಪೆನ್ ಎಂಬ ಕ್ವೇಕರ್ ಪಂಥದ ಯುವಕ ತಮ್ಮ ಪ್ರಾರ್ಥನಾ ಮಂದಿರಕ್ಕೆ ಬೀಗ ಬಿದ್ದದ್ದರಿಂದ ಬೀದಿಯಲ್ಲೇ ನಿಂತು ಉಪದೇಶ ಮಾಡಿದ. ಅಕ್ರಮವಾಗಿ ಗುಂಪು ಕೂಡಿಸಿದ ಎಂದು ಅವನ ಮೇಲೆ, ಜೊತೆಗಾರ ವಿಲಿಯಂ ಮೀಡ್ ಮೇಲೆ ಮೊಕದ್ದಮೆ ಹೂಡಿದರು. ಬೀದಿಯಲ್ಲಿ ಮಾತಾಡಿದ್ದು ನಿಜ, ಅದಕ್ಕಿಂತ ಹೆಚ್ಚು ನಾವು ಹೇಳೆವು ಎಂದಿತು ಜ್ಯೂರಿ. ಕೋರ್ಟಿಗೆ ಇದು ಸಾಲಲಿಲ್ಲ. ಅನ್ನ, ನೀರು, ಚಳಿಗೆ ಬೆಂಕಿ, ಒಂದೂ ಕೊಡದೆ ಅವರನ್ನು ಎರಡು ರಾತ್ರಿ ಕೂಡಿಹಾಕಿದರು. ಮೂರನೇ ದಿನ ಹೊರಬಂದವರು ಖಡಾಖಂಡಿತವಾಗಿ ತಪ್ಪಿತಸ್ಥರಲ್ಲ ಎಂದುಬಿಟ್ಟರು. ಆಗ ಜ್ಯೂರಿಯವರಿಗೇ ದಂಡ ಬಿತ್ತು. ಎಡ್ವರ್ಡ್ ಬುಶೆಲ್ ಮತ್ತು ಇನ್ನು ಕೆಲವರು ದಂಡ ಕಟ್ಟುವುದಿಲ್ಲ ಎಂದು ನ್ಯೂಗೇಟ್ ಜೈಲಿಗೆ ಹೋದರು. ಅಲ್ಲಿಂದ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗ ಮುಖ್ಯ ನ್ಯಾಯಮೂರ್ತಿ ಜಾನ್ ವಾನ್ ಅವರನ್ನು ಬಿಡುಗಡೆ ಮಾಡಿದ. ಕೊಟ್ಟ ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ನಿಯಮ ಅಂದು ಗಟ್ಟಿಯಾಯಿತು. ಪೆನ್ ಮುಂದೆ ಸಮುದ್ರ ದಾಟಿ ಪೆನ್ಸಿಲ್ವೇನಿಯಾವನ್ನು ಕಟ್ಟಿದ. ಹಸಿದ ಹೊಟ್ಟೆಯಲ್ಲಿ ಆ ಎರಡು ರಾತ್ರಿ ಕೂತವರ ಹಟ ಅವನ ಜೊತೆ ಅಮೆರಿಕಕ್ಕೂ ಹೋಯಿತು ಎಂದರೆ ತಪ್ಪಾಗದು.

1735ರಲ್ಲಿ ನ್ಯೂಯಾರ್ಕಿನ ಮುದ್ರಕ ಜಾನ್ ಪೀಟರ್ ಝೆಂಗರ್ ಗವರ್ನರನ್ನು ಟೀಕಿಸಿ ಅಚ್ಚು ಹಾಕಿದ್ದಕ್ಕೆ ಕಟಕಟೆ ಹತ್ತಿದ. ಬರೆದದ್ದು ನಿಜವೇ ಆಗಿದ್ದರೂ ಅಪರಾಧವೇ ಎಂಬುದು ಅಂದಿನ ಕಾನೂನು. ಅಚ್ಚು ಹಾಕಿದ್ದನ್ನು ಅವನ ವಕೀಲ ಆಂಡ್ರೂ ಹ್ಯಾಮಿಲ್ಟನ್ ಒಪ್ಪಿಕೊಂಡೇ ವಾದಿಸಿದ. ಜ್ಯೂರಿ ಆದರೂ ಬಿಟ್ಟಿತು. ಲಂಡನ್ ಸರ್ಕಾರ ಇದನ್ನು ಮರೆಯಲಿಲ್ಲ. ಮುಂದೆ ಸ್ಟ್ಯಾಂಪ್ ಕಾಯ್ದೆಯ ಉಲ್ಲಂಘನೆಗಳನ್ನು ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಗಳಿಗೆ ಒಪ್ಪಿಸಲು ಹೊರಟಿತು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ದೂರುಗಳಲ್ಲಿ ಜ್ಯೂರಿಯನ್ನು ಕಿತ್ತುಕೊಂಡದ್ದೂ ಒಂದು. ಸಂವಿಧಾನದ ಮೂಲ ಪಠ್ಯದಲ್ಲಿ ಒಮ್ಮೆ, 1791ರ ಆರನೇ ತಿದ್ದುಪಡಿಯಲ್ಲಿ ಇನ್ನೊಮ್ಮೆ, ಹೀಗೆ ಎರಡೆರಡು ಸಲ ಅದನ್ನು ಬರೆದುಕೊಂಡರು.

ಅದೇ ಬ್ರಿಟಿಷರು ನಮಗೂ ಜ್ಯೂರಿ ಕೊಟ್ಟಿದ್ದರು, ಒಂದು ಕೊಕ್ಕೆ ಇಟ್ಟು. ಜ್ಯೂರಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಸೆಷನ್ಸ್ ನ್ಯಾಯಾಧೀಶರು ಕೇಸನ್ನು ಹೈಕೋರ್ಟಿಗೆ ಕಳಿಸಬಹುದಿತ್ತು. 1959ರ ನಾನಾವತಿ ಪ್ರಕರಣದಲ್ಲಿ ಆದದ್ದು ಇದೇ. ಎಂಟು ಮಂದಿ ತಪ್ಪಿತಸ್ಥನಲ್ಲ ಎಂದರು, ಒಬ್ಬರು ತಪ್ಪಿತಸ್ಥ ಎಂದರು, ಜಡ್ಜ್ ಒಪ್ಪದೆ ಬಾಂಬೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಆ ಜ್ಯೂರಿ ಪತ್ರಿಕೆಗಳ ಅಬ್ಬರಕ್ಕೆ ಮರುಳಾಗಿತ್ತು ಎಂಬ ಮಾತಿದೆ, ಇದ್ದರೂ ಇದ್ದೀತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿ ನಮ್ಮಲ್ಲಿ ಹೆಸರಿಲ್ಲದಂತಾಯಿತು, ಅದಕ್ಕಾಗಿ ಯಾರೂ ಅತ್ತಂತಿಲ್ಲ. ಊಹೂಂ ಎಂದದ್ದನ್ನು ಮೇಲಿನವರು ಅಳಿಸಬಹುದಾದಲ್ಲಿ ಕೂತವರಿಗೆ ತಮ್ಮ ಮಾತಿನ ಭಾರ ಗೊತ್ತಾಗುವುದಾದರೂ ಹೇಗೆ?

ಅಮೆರಿಕದ ಕೋರ್ಟಿನಲ್ಲಿ ಆ ಭಾರವನ್ನು ಕಣ್ಣಾರೆ ತೋರಿಸುವ ಒಂದು ಪದ್ಧತಿಯಿದೆ. ತಪ್ಪಿತಸ್ಥ ಎಂಬ ತೀರ್ಪು ಬಂದಾಗ ಆರೋಪಿಯ ವಕೀಲರು ಕೇಳಿದರೆ ಜ್ಯೂರಿಯವರನ್ನು ಒಬ್ಬೊಬ್ಬರನ್ನಾಗಿ ಕೇಳಬೇಕು: ಇದು ನಿಮ್ಮ ತೀರ್ಪೇ? ಅಷ್ಟು ಹೊತ್ತೂ ಹನ್ನೆರಡು ಮಂದಿಯ ಗುಂಪಿನಲ್ಲಿ ಒಬ್ಬರಾಗಿದ್ದವರು ಈಗ ಒಂಟಿಯಾಗುತ್ತಾರೆ. ಆರೋಪಿ ಎದುರಿಗೇ ಕೂತಿರುತ್ತಾನೆ, ಅವನ ತಾಯಿ ಹಿಂದಿನ ಬೆಂಚಿನಲ್ಲಿ ಇರಬಹುದು. ಒಬ್ಬರು ಅಲ್ಲ ಎಂದರೂ ಸಾಕು, ತೀರ್ಪು ಅಲ್ಲಿಯೇ ನಿಂತುಹೋಗುತ್ತದೆ. ಮತ್ತೆ ಒಳಗೆ ಕಳಿಸಬೇಕು, ಇಲ್ಲವೇ ವಿಚಾರಣೆಯನ್ನೇ ರದ್ದು ಮಾಡಬೇಕು. ಕಾರಣ ಕೇಳದ ಕಾನೂನು ಹೊಣೆಯನ್ನು ಮಾತ್ರ ತಲೆತಲೆಗೆ ಹಂಚಿಬಿಡುತ್ತದೆ.

ಈ ಹೊಣೆಯ ಭಯ ಬಹಳ ಹಳೆಯದು. ಸಮಂಜಸ ಸಂಶಯ ಉಳಿದರೆ ಶಿಕ್ಷೆ ಬೇಡ ಎಂಬ ಸೂತ್ರ ಆರೋಪಿಯ ರಕ್ಷಣೆಗೆಂದೇ ಹುಟ್ಟಿದ್ದು ಎಂದು ನಾವು ತಿಳಿಯುತ್ತೇವೆ. ಯೇಲ್ ವಿಶ್ವವಿದ್ಯಾಲಯದ ಕಾನೂನು ಇತಿಹಾಸಕಾರ ಜೇಮ್ಸ್ ವಿಟ್ಮನ್ 2008ರ ತಮ್ಮ ಪುಸ್ತಕದಲ್ಲಿ ಬೇರೆಯದೇ ಕಥೆ ಹೇಳುತ್ತಾರೆ. ನಿರಪರಾಧಿಯನ್ನು ಗಲ್ಲಿಗೇರಿಸಿದರೆ ಅವನ ರಕ್ತ ತನ್ನ ತಲೆಗೆ ಬರುತ್ತದೆ, ತನ್ನ ಆತ್ಮಕ್ಕೆ ನರಕವೇ ಗತಿ ಎಂದು ಕ್ರೈಸ್ತ ಯುರೋಪಿನ ತೀರ್ಪುಗಾರರು ನಡುಗುತ್ತಿದ್ದರಂತೆ. ಸಂಶಯವಿದ್ದರೆ ಹಿಂದೆ ಸರಿ ಎಂಬುದು ಮೊದಲಿಗೆ ಅವರ ಆತ್ಮವನ್ನು ಕಾಯುವ ಮಾತು. ಸಮಂಜಸವಾದ ಸಂಶಯ ಇಲ್ಲದಿದ್ದರೆ ನಿರ್ಭಯವಾಗಿ ತೀರ್ಪು ಕೊಡು, ಪಾಪ ತಗಲದು ಎಂಬುದು ಅದರ ಇನ್ನೊಂದು ಮುಖ. ವಿಟ್ಮನ್ ಅವರ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನಗಂತೂ ಅದು ಒಳಗೆ ತಟ್ಟಿತು. ಕೈಗೆ ಅಧಿಕಾರ ಬಂದವನು ತನ್ನ ಆತ್ಮದ ಬಗ್ಗೆ ಅಂಜಬೇಕು ಎಂಬ ತಿಳಿವಳಿಕೆ ಈಗಿನ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ.

ಆ ಸೂತ್ರಕ್ಕೆ ಸಾಂವಿಧಾನಿಕ ಬಲ ಸಿಕ್ಕಿದ್ದು 1970ರಲ್ಲಿ, ಹನ್ನೆರಡು ವರ್ಷದ ಒಬ್ಬ ಹುಡುಗನಿಂದ. ಹೆಂಗಸೊಬ್ಬರ ಪರ್ಸಿನಿಂದ 112 ಡಾಲರ್ ಕದ್ದನೆಂದು ನ್ಯೂಯಾರ್ಕಿನ ಮಕ್ಕಳ ಪ್ರಕರಣದಲ್ಲಿ ಜಡ್ಜ್ ತೀರ್ಮಾನಿಸಿದ್ದರು. ಸಮಂಜಸ ಸಂಶಯ ಉಳಿಯದಷ್ಟು ಪುರಾವೆ ಇದೆಯೇ ಎಂದರೆ ಇರಲಾರದು, ಮಕ್ಕಳ ವಿಷಯದಲ್ಲಿ ಅಷ್ಟು ಬೇಕಿಲ್ಲ ಎಂಬುದು ಅವರ ನಿಲುವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 112 ಡಾಲರಿನ ಕಳವಾಗಲಿ, ಎದುರಿಗಿರುವುದು ಬಾಲಕನೇ ಆಗಲಿ, ಸಂಶಯ ಅವನ ಪಾಲಿನದೇ ಎಂದಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಅಪ್ಪಣೆ ಕೊಡುವ ಕೈ ಹೊಲಸಾಗಿದ್ದರೆ? 1955ರ ಸೆಪ್ಟೆಂಬರಿನಲ್ಲಿ ಮಿಸಿಸಿಪ್ಪಿಯ ಸಮ್ನರ್ ಎಂಬ ಸಣ್ಣ ಊರಿನಲ್ಲಿ ಹನ್ನೆರಡು ಮಂದಿ ಕೂತರು. ಎಲ್ಲರೂ ಬಿಳಿಯರು, ಎಲ್ಲರೂ ಗಂಡಸರು. ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಮನೆಯಿಂದ ಎಳೆದೊಯ್ದು ಕೊಂದ ಇಬ್ಬರು ಬಿಳಿಯರ ವಿಚಾರಣೆ. ಹುಡುಗನ ಅಜ್ಜನ ಸಮಾನರಾದ ಮೋಸ್ ರೈಟ್ ಸಾಕ್ಷಿಕಟ್ಟೆಯಲ್ಲಿ ಎದ್ದು ನಿಂತು ಆರೋಪಿಗಳತ್ತ ಕೈ ತೋರಿಸಿದರು. ಆ ಕಾಲದ ಮಿಸಿಸಿಪ್ಪಿಯಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯನತ್ತ ಬೆರಳೆತ್ತುವುದೆಂದರೆ ಪ್ರಾಣವನ್ನು ಒತ್ತೆಯಿಟ್ಟಂತೆ. ಸಾಕ್ಷಿ ಹೇಳಿದ ಮೇಲೆ ಅವರು ಊರು ಬಿಟ್ಟು ಹೋಗಬೇಕಾಯಿತು. ಜ್ಯೂರಿ 67 ನಿಮಿಷದಲ್ಲಿ ಹೊರಬಂದು ತಪ್ಪಿತಸ್ಥರಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಆ ಇಬ್ಬರೂ ಒಂದು ಪತ್ರಿಕೆಯಿಂದ ಹಣ ಪಡೆದು, ಕೊಂದದ್ದು ನಾವೇ ಎಂದು ಹೇಳಿಕೊಂಡರು. ಏನೂ ಮಾಡುವಂತಿರಲಿಲ್ಲ, ಖುಲಾಸೆ ಅಂದರೆ ಖುಲಾಸೆ. ಬುಶೆಲ್‌ನನ್ನು ಕಾಯ್ದ ಅದೇ ಗೋಡೆ ಇಲ್ಲಿ ಕೊಲೆಗಾರರನ್ನು ಕಾಯಿತು.

ಇದನ್ನು ಓದಿದಾಗಲೆಲ್ಲ ಜ್ಯೂರಿಯ ಮೇಲಿನ ನನ್ನ ಗೌರವ ಅಲುಗಾಡುತ್ತದೆ. ಆದರೂ ಯೋಚಿಸಿ ನೋಡಿದರೆ ಸಮ್ನರಿನಲ್ಲಿ ಅಪ್ಪಣೆ ಕೇಳಿದ್ದು ಊರನ್ನಲ್ಲ, ಊರಿನ ಒಂದು ಭಾಗವನ್ನು ಮಾತ್ರ. ಜ್ಯೂರಿಗೆ ಹೆಸರು ಬರುತ್ತಿದ್ದುದು ಮತದಾರರ ಪಟ್ಟಿಯಿಂದ. ಆ ಕೌಂಟಿಯಲ್ಲಿ ಕಪ್ಪು ಜನರ ಹೆಸರು ಪಟ್ಟಿಗೆ ಹತ್ತದಂತೆ ನೋಡಿಕೊಂಡಿದ್ದರು. ಹೆಂಗಸರಿಗೆ ಮಿಸಿಸಿಪ್ಪಿಯಲ್ಲಿ 1968ರವರೆಗೂ ಜ್ಯೂರಿಯಲ್ಲಿ ಜಾಗವಿರಲಿಲ್ಲ. ಕಪ್ಪು ಜನರನ್ನು ಕಾನೂನು ಮಾಡಿ ಹೊರಗಿಡುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1880ರಲ್ಲೇ ಹೇಳಿತ್ತು. ಕಾನೂನಿಲ್ಲದೆಯೂ ಹೊರಗಿಡುವುದು ಹೇಗೆಂದು ದಕ್ಷಿಣದ ರಾಜ್ಯಗಳಿಗೆ ಗೊತ್ತಿತ್ತು. ಲೂಯಿಸಿಯಾನಾ 1898ರಲ್ಲಿ ಸರ್ವಾನುಮತ ಬೇಡ, ಬಹುಮತ ಸಾಕು ಎಂದಿತು. ಒಬ್ಬಿಬ್ಬರು ಕಪ್ಪು ಜ್ಯೂರರುಗಳು ಬಂದು ಕೂತರೂ ಅವರ ಮಾತು ಲೆಕ್ಕಕ್ಕೆ ಬರಬಾರದು ಎಂಬುದು ಒಳಗಿನ ಉದ್ದೇಶ. ಇದನ್ನು ಸುಪ್ರೀಂ ಕೋರ್ಟ್ ತೊಡೆದುಹಾಕಿದ್ದು 2020ರಲ್ಲಿ, ರೇಮೋಸ್ ಕೇಸಿನಲ್ಲಿ. ಕಾರಣ ಹೇಳದೆ ಬೇಡವೆನ್ನುವ ವಕೀಲರ ಹಕ್ಕು ಮತ್ತೊಂದು ದಾರಿಯಾಗಿತ್ತು. ಬಣ್ಣ ನೋಡಿ ಹಾಗೆ ಮಾಡುವಂತಿಲ್ಲ ಎಂದು 1986ರ ಬ್ಯಾಟ್ಸನ್ ತೀರ್ಪು ಹೇಳಿದ ಮೇಲೂ ಕರ್ಟಿಸ್ ಫ್ಲವರ್ಸ್ ಎಂಬುವನನ್ನು ಮಿಸಿಸಿಪ್ಪಿ ಸರ್ಕಾರ ಒಂದೇ ಪ್ರಕರಣದಲ್ಲಿ ಆರು ಸಲ ವಿಚಾರಣೆಗೆ ಒಳಪಡಿಸಿತು; ಆ ಆರರಲ್ಲಿ ತಾನು ತೆಗೆಯಬಹುದಾಗಿದ್ದ 42 ಕಪ್ಪು ಜನರಲ್ಲಿ 41 ಮಂದಿಯನ್ನು ತೆಗೆದುಹಾಕಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು, ಮರುವರ್ಷ ಆರೋಪವನ್ನೇ ಕೈಬಿಟ್ಟರು. ಜ್ಯೂರಿ ಕೋಣೆಯ ಗುಟ್ಟಿಗೂ ಒಂದು ಕಿಂಡಿ ಬಿತ್ತು. ಮೆಕ್ಸಿಕೋದವನಾದ್ದರಿಂದ ಇವನು ತಪ್ಪು ಮಾಡಿಯೇ ಇರುತ್ತಾನೆ ಎಂದು ಜ್ಯೂರರ್ ಒಬ್ಬ ಒಳಗೆ ಹೇಳಿದ್ದು ಬಯಲಾದಾಗ, ಜನಾಂಗದ್ವೇಷದ ಮಾತನ್ನು ಗುಟ್ಟಿನ ಹೆಸರಲ್ಲಿ ಮುಚ್ಚಿಡಲಾಗದು ಎಂದು 2017ರಲ್ಲಿ ಕೋರ್ಟ್ ಹೇಳಿತು. ಕುಡಿತಕ್ಕೆ ತೆರೆಯದ ಬಾಗಿಲು ಇದಕ್ಕೆ ತೆರೆಯಿತು, ಅದು ಸರಿಯಾದ ಕ್ರಮ ಎಂದೇ ನನ್ನ ಭಾವನೆ.

ಹೀಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಜ್ಯೂರಿಯಲ್ಲಿ ಯಾರು ಕೂರಬೇಕು ಎಂಬುದಕ್ಕಾಗಿ ಜನ ಬಡಿದಾಡಿದರು, ಸಾಕಷ್ಟು ಗೆದ್ದರು ಕೂಡ. ಅದೇ ಕಾಲದಲ್ಲಿ ಇನ್ನೊಂದು ನಡೆಯುತ್ತಿತ್ತು. ಜ್ಯೂರಿಯ ಆಸನಗಳೇ ಖಾಲಿಯಾಗುತ್ತಿದ್ದವು.

ಪಾಲ್ ಲೂಯಿಸ್ ಹೇಯ್ಸ್ ಕೆಂಟಕಿಯವನು. 88 ಡಾಲರ್ 30 ಸೆಂಟಿನ ಒಂದು ನಕಲಿ ಚೆಕ್ಕಿಗಾಗಿ ಸಿಕ್ಕಿಬಿದ್ದ. ಪ್ರಾಸಿಕ್ಯೂಟರ್ ಮುಂದಿಟ್ಟ ಮಾತು ಇದು: ತಪ್ಪೊಪ್ಪಿಕೊಂಡರೆ ಐದು ವರ್ಷ ಶಿಕ್ಷೆಗೆ ಶಿಫಾರಸು ಮಾಡುತ್ತೇನೆ, ವಿಚಾರಣೆ ಬೇಕು ಎಂದು ಕೋರ್ಟಿಗೆ ತೊಂದರೆ ಕೊಟ್ಟರೆ ನಿನ್ನ ಹಳೆಯ ಎರಡು ಅಪರಾಧಗಳನ್ನು ಸೇರಿಸಿ ರೂಢಿಗತ ಅಪರಾಧಿಯೆಂದು ಆರೋಪ ಹೊರಿಸುತ್ತೇನೆ, ಅದಕ್ಕೆ ಜೀವಾವಧಿ. ಹೇಯ್ಸ್ ಒಪ್ಪಲಿಲ್ಲ, ಜ್ಯೂರಿ ಕೇಳಿದ. ತಪ್ಪಿತಸ್ಥ ಎಂದಾಯಿತು, ಜೀವಾವಧಿ ಬಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್ 5–4ರಲ್ಲಿ ಇದರಲ್ಲಿ ತಪ್ಪೇನಿಲ್ಲ ಎಂದಿತು. ಐದು ವರ್ಷಕ್ಕೂ ಜೀವಾವಧಿಗೂ ನಡುವಿನ ಅಂತರ ಚೆಕ್ಕಿನ ಅಪರಾಧಕ್ಕೆ ಸಿಕ್ಕಿದ್ದಲ್ಲ. ಹನ್ನೆರಡು ಮಂದಿಯನ್ನು ಕೇಳಿ ಎಂದದ್ದಕ್ಕೆ ತೆತ್ತ ಬೆಲೆ ಅದು.

ಇಂಥ ಚೌಕಾಸಿಯೇ ಇಂದು ಅಲ್ಲಿನ ರಾಜಮಾರ್ಗ. 2012ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಅಂಕಿ ಕೊಟ್ಟಿದೆ: ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಗೆ ಗುರಿಯಾದವರಲ್ಲಿ ಶೇ. 97, ರಾಜ್ಯಗಳಲ್ಲಿ ಶೇ. 94 ಮಂದಿ ತಪ್ಪೊಪ್ಪಿಕೊಂಡವರು. ಸಾಕ್ಷಿಯಿಲ್ಲ, ಪಾಟೀಸವಾಲಿಲ್ಲ, ಒಳಕೋಣೆಯೂ ಇಲ್ಲ. ಎಷ್ಟೋ ಸಲ ಕೋರ್ಟಿನ ಪಡಸಾಲೆಯಲ್ಲಿ ನಿಂತೇ ಇಬ್ಬರು ವಕೀಲರು ವರ್ಷಗಳ ಲೆಕ್ಕ ಮುಗಿಸುತ್ತಾರೆ. ಎಲ್ಲ ಕೇಸುಗಳಿಗೂ ಪೂರ್ಣ ವಿಚಾರಣೆ ನಡೆಸಹೊರಟರೆ ಜಡ್ಜುಗಳ, ಕೋರ್ಟುಗಳ ಸಂಖ್ಯೆಯನ್ನು ಎಷ್ಟೋ ಪಟ್ಟು ಹೆಚ್ಚಿಸಬೇಕಾದೀತು ಎಂದು ಅದೇ ಕೋರ್ಟ್ 1971ರಲ್ಲಿ ಸಮರ್ಥಿಸಿಕೊಂಡಿತ್ತು. ಲೆಕ್ಕ ನಿಜ. ಆದರೆ ಅಪ್ಪಣೆ ಕೇಳುವುದು ತೊಡಕಿನ ಕೆಲಸವಾಗಿರಲಿ ಎಂದೇ ಅಲ್ಲವೇ ಅದನ್ನು ಹಾಗೆ ಕಟ್ಟಿದ್ದು? ಒಬ್ಬನನ್ನು ಜೈಲಿಗಟ್ಟಲು ಹನ್ನೆರಡು ಮನೆಗಳ ಕೆಲಸ ಕೆಡಬೇಕು, ಅವರ ನಿದ್ದೆ ಕೆಡಬೇಕು. ಇಷ್ಟೊಂದು ಮಂದಿಯನ್ನು ಶಿಕ್ಷಿಸಬೇಕಾಗಿದೆ, ಪ್ರತಿಯೊಬ್ಬನಿಗೂ ಕೇಳುತ್ತ ಕೂರಲು ಪುರಸೊತ್ತಿಲ್ಲ ಎಂದು ಪ್ರಭುತ್ವ ಹೇಳಿದರೆ, ಹಾಗಾದರೆ ಕಡಿಮೆ ಮಂದಿಯನ್ನು ಶಿಕ್ಷಿಸು ಎಂಬುದೇ ಬುಶೆಲ್‌ನಂಥವರು ಕೊಡುತ್ತಿದ್ದ ಉತ್ತರ ಎಂದು ನಾನು ನಂಬಿದ್ದೇನೆ.

ಆ ಉತ್ತರವನ್ನು ನಮ್ಮ ಕಾಲದಲ್ಲಿ ಕೊಟ್ಟವನು ಒಬ್ಬ ಹುಡುಗ. ಕಲೀಫ್ ಬ್ರೌಡರ್, ನ್ಯೂಯಾರ್ಕಿನ ಬ್ರಾಂಕ್ಸ್‌ನವನು. 2010ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಬ್ಯಾಗೊಂದನ್ನು ಕದ್ದನೆಂಬ ಆರೋಪದ ಮೇಲೆ ಅವನನ್ನು ಹಿಡಿದರು. ಜಾಮೀನಿಗೆ 3,000 ಡಾಲರ್ ಬೇಕಿತ್ತು, ಮನೆಯವರ ಹತ್ತಿರ ಇರಲಿಲ್ಲ. ರೈಕರ್ಸ್ ದ್ವೀಪದ ಜೈಲಿನಲ್ಲಿ ಮೂರು ವರ್ಷ ಕಳೆದ, ಅದರಲ್ಲಿ ಹೆಚ್ಚಿನ ಕಾಲ ಒಂಟಿ ಕೊಠಡಿಯಲ್ಲಿ. ವಾಯಿದೆಯ ಮೇಲೆ ವಾಯಿದೆ ಬಿತ್ತು. ನಡುವೆ ಚೌಕಾಸಿಯ ಮಾತು ಮತ್ತೆ ಮತ್ತೆ ಬಂತು. ಕೊನೆಗೆ ಒಬ್ಬ ಜಡ್ಜ್, ಸಣ್ಣ ತಪ್ಪುಗಳೆರಡನ್ನು ಒಪ್ಪಿಕೋ, ಇವತ್ತೇ ಮನೆಗೆ ಹೋಗಬಹುದು ಎಂದರು. ನಾನು ಮಾಡಿಲ್ಲ, ವಿಚಾರಣೆ ನಡೆಸಿ ಎಂದು ಅವನು ಮತ್ತೆ ಒಳಗೆ ಹೋದ. 2013ರಲ್ಲಿ ಸರ್ಕಾರ ಆರೋಪವನ್ನು ಕೈಬಿಟ್ಟಿತು, ದೂರು ಕೊಟ್ಟವನೇ ದೇಶ ಬಿಟ್ಟು ಹೋಗಿದ್ದ. ಹೊರಗೆ ಬಂದ ಕಲೀಫ್ ಕಾಲೇಜು ಸೇರಿದ, ಓದಿದ, ಒಳಗಿನ ಕತ್ತಲು ಅವನನ್ನು ಬಿಡಲಿಲ್ಲ. 2015ರ ಜೂನ್‌ನಲ್ಲಿ ತನ್ನ ತಾಯಿಯ ಮನೆಯಲ್ಲಿ ಜೀವ ತೆಗೆದುಕೊಂಡ. ಇಪ್ಪತ್ತೆರಡು ವರ್ಷ. ಸಂವಿಧಾನದಲ್ಲಿ ಎರಡು ಸಲ ಬರೆದಿರುವ ಹಕ್ಕನ್ನು ಅವನು ಮೂರು ವರ್ಷ ಕೇಳಿದ. ಅವನ ಕೇಸಿಗೆ ಒಮ್ಮೆಯೂ ಜ್ಯೂರಿ ಕೂರಲಿಲ್ಲ.